ಮೇಲಿನ ಗಾಳಿ ರಸ್ತೆಗೆ ಇಳಿಯುವ ಜಾಗಗಳು: ಗುರುತಿಸುವುದು, ಅಳೆಯುವುದು, ಸರಿಪಡಿಸುವುದು

ಎತ್ತರದ ಕಟ್ಟಡದ ಮೂಲೆ ತಿರುಗುವಾಗ ಛತ್ರಿ ಮಗುಚಿಕೊಳ್ಳುತ್ತದೆ. ಇಪ್ಪತ್ತು ಹೆಜ್ಜೆ ಮುಂದೆ ಹೋದರೆ ಎಲೆಯೂ ಅಲ್ಲಾಡುವುದಿಲ್ಲ. ಅದೇ ಹೊತ್ತು, ಅದೇ ಗಾಳಿ. ಬೇರೆಯಾದದ್ದು ಸುತ್ತಲಿನ ಕಟ್ಟಡಗಳ ಆಕಾರ ಮಾತ್ರ. ಈ ವ್ಯತ್ಯಾಸವನ್ನು ನಕ್ಷೆ ನೋಡಿಯೇ ಸಾಕಷ್ಟು ಊಹಿಸಬಹುದು, ಗಾಳಿಯ ವೇಗ ತೋರಿಸುವ, ಕೈಯಲ್ಲಿ ಹಿಡಿಯುವ ಅನಿಮಾಮೀಟರಿನಿಂದ ಅಳೆಯಬಹುದು, ಬಹುಪಾಲನ್ನು ಸರಿಪಡಿಸಲೂಬಹುದು. ಆದರೆ ಕಟ್ಟಡ ಏಳುವ ಮೊದಲು ಒಂದು ಗೆರೆ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ, ಕಟ್ಟಿದ ಮೇಲೆ ಉಕ್ಕಿನ ತಡೆಗಳೇ ಬೇಕಾಗುತ್ತವೆ. ಹಾಗಾಗಿ ಇಲ್ಲಿ ಹೇಳಿರುವುದನ್ನು ನಕ್ಷೆಯ ಹಂತದಲ್ಲೇ ಮಾಡಿ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ: ಪಾದಚಾರಿಯನ್ನು ಕಾಡುವ ಗಾಳಿ ಹೆಚ್ಚಿನ ಸಲ ರಸ್ತೆಯ ಉದ್ದಕ್ಕೆ ಬಂದದ್ದಲ್ಲ, ಮೇಲಿನಿಂದ ಇಳಿದದ್ದು. ಆದ್ದರಿಂದ ಕಾಲ್ದಾರಿಯ ಗಾಳಿಯನ್ನು ಅಂದಾಜು ಮಾಡುವವರು ಮೊದಲು ತಲೆಯೆತ್ತಿ ನೋಡಬೇಕು.

ಎತ್ತರಕ್ಕೆ ತಕ್ಕ ಗಾಳಿ: ಒಂದು ಲೆಕ್ಕ

ನೆಲದ ಒರಟುತನ ಗಾಳಿಯನ್ನು ತಡೆಯುತ್ತದೆ. ಬಯಲಿನಲ್ಲಿ ತಡೆ ಕಡಿಮೆ, ಒತ್ತೊತ್ತಾಗಿ ಕಟ್ಟಿದ ನಗರದಲ್ಲಿ ಹೆಚ್ಚು. ಎಂಜಿನಿಯರುಗಳು ಇದನ್ನು 'ಒರಟುತನದ ಉದ್ದ' ಎಂಬ ಅಂಕಿಯಲ್ಲಿ ಹೇಳುತ್ತಾರೆ: ಹುಲ್ಲು ಬಯಲಿಗೆ ಸುಮಾರು 0.03 ಮೀಟರ್, ದಟ್ಟ ನಗರಕ್ಕೆ ಸುಮಾರು 1 ಮೀಟರ್. ಯಾವುದೇ ಎತ್ತರದಲ್ಲಿನ ಸರಾಸರಿ ವೇಗವು, ಆ ಎತ್ತರವನ್ನು ಒರಟುತನದ ಉದ್ದದಿಂದ ಭಾಗಿಸಿ ಬಂದ ಅಂಕಿಯ ಸ್ವಾಭಾವಿಕ ಲಾಗರಿದಮ್‌ಗೆ ಅನುಪಾತವಾಗಿರುತ್ತದೆ.

ಹವಾಮಾನ ಕೇಂದ್ರದ ಅಂಕಿಗಳು ಸಾಮಾನ್ಯವಾಗಿ ವಿಮಾನ ನಿಲ್ದಾಣದ ಬಯಲಿನಲ್ಲಿ, 10 ಮೀಟರ್ ಎತ್ತರದಲ್ಲಿ ಅಳೆದವು. ಅಲ್ಲಿ ಸೆಕೆಂಡಿಗೆ 5 ಮೀಟರ್ ಗಾಳಿ ಇದೆ ಎನ್ನಿ. 60 ಮೀಟರ್ ಎತ್ತರಕ್ಕೆ ಹೋದರೆ ನೆಲದ ಪ್ರಭಾವ ಸಾಕಷ್ಟು ಕಡಿಮೆಯಾಗಿ, ಬಯಲಿಗೂ ನಗರಕ್ಕೂ ಗಾಳಿ ಹೆಚ್ಚು ಕಡಿಮೆ ಒಂದೇ ಎಂದು ಹಿಡಿಯುವುದು ರೂಢಿಯಲ್ಲಿರುವ ಸರಳ ವಿಧಾನ. ಬಯಲಿನ ಲೆಕ್ಕದಲ್ಲಿ 60 ಮೀಟರಿಗೆ ಲಾಗ್ 7.60, 10 ಮೀಟರಿಗೆ 5.81. ಅಂದರೆ ಮೇಲೆ 5 × 7.60 ÷ 5.81 = ಸೆಕೆಂಡಿಗೆ 6.5 ಮೀಟರ್. ಅಲ್ಲಿಂದ ನಗರದ ಒರಟುತನ ಹಿಡಿದು ಕೆಳಗಿಳಿಯಿರಿ: 60 ಮೀಟರಿಗೆ ಲಾಗ್ 4.09, 10 ಮೀಟರಿಗೆ 2.30. ನಗರದಲ್ಲಿ 10 ಮೀಟರ್ ಎತ್ತರದ ವೇಗ 6.5 × 2.30 ÷ 4.09 = ಸೆಕೆಂಡಿಗೆ 3.7 ಮೀಟರ್.

ಈಗ ಒತ್ತಡ ನೋಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 0.6 × ವೇಗ × ವೇಗ ಎಂದರೆ ಪಾಸ್ಕಲ್‌ನಲ್ಲಿ ಸಿಗುತ್ತದೆ. 3.7ಕ್ಕೆ 8 ಪಾಸ್ಕಲ್, 6.5ಕ್ಕೆ 25. ಮೂರು ಪಟ್ಟು. ಸುತ್ತ ಎಲ್ಲ ಮನೆಗಳೂ ಮೂರು ಮಹಡಿಯವಾಗಿದ್ದಾಗ ಈ 25 ಪಾಸ್ಕಲ್‌ನ ಗಾಳಿ ತಲೆಯ ಮೇಲೆ ಹಾದುಹೋಗುತ್ತಿತ್ತು. 60 ಮೀಟರಿನ ಒಂದು ಗೋಪುರ ನಿಲ್ಲಿಸಿದ ದಿನದಿಂದ ಅದಕ್ಕೆ ಕೆಳಗಿಳಿಯಲು ಏಣಿ ಸಿಕ್ಕಿತು.

ನಕ್ಷೆಯ ಮೇಲೆ ಕೆಂಪು ಗುರುತು ಹಾಕುವುದು

ಬೇಕಾದದ್ದು: ಕಟ್ಟಡದ ಸುತ್ತ ಕನಿಷ್ಠ 300 ಮೀಟರ್‌ವರೆಗಿನ ನಕ್ಷೆ, ಪ್ರತಿ ಕಟ್ಟಡದ ಮೇಲೆ ಅದರ ಎತ್ತರ ಮೀಟರಿನಲ್ಲಿ, ಉತ್ತರ ದಿಕ್ಕಿನ ಗುರುತು, ಮತ್ತು ಹತ್ತಿರದ ಹವಾಮಾನ ಕೇಂದ್ರದ ಕನಿಷ್ಠ ಹತ್ತು ವರ್ಷದ ಗಂಟೆವಾರು ದಿಕ್ಕು-ವೇಗದ ಪಟ್ಟಿ. ಪಟ್ಟಿಯಿಂದ ಎರಡು ಪ್ರಶ್ನೆಗಳಿಗೆ ಉತ್ತರ ತೆಗೆಯಿರಿ. ಹೆಚ್ಚು ಹೊತ್ತು ಬೀಸುವ ದಿಕ್ಕು ಯಾವುದು? ಜೋರಾಗಿ ಬೀಸುವ ದಿಕ್ಕು ಯಾವುದು? ಇವೆರಡೂ ಒಂದೇ ಆಗಿರಬೇಕಿಲ್ಲ. ಬರೀ ಮೊದಲನೆಯದನ್ನು ನೋಡಿ ಬಾಗಿಲು ಇಟ್ಟು ಆಮೇಲೆ ಪರದಾಡುವುದು ಬಹಳ ಸಾಮಾನ್ಯ ತಪ್ಪು. ಋತುವಾರು ಬೇರೆ ಮಾಡಿ ನೋಡುವುದೂ ಮುಖ್ಯ.

ಈಗ ಜೋರು ಗಾಳಿಯ ಪ್ರತಿ ದಿಕ್ಕಿಗೂ ಈ ಜಾಗಗಳನ್ನು ಗುರುತಿಸಿ.

ಮೊದಲು ಎದುರು ಮೈ. ಗಾಳಿ ಕಟ್ಟಡದ ಮೈಗೆ ಬಡಿದಾಗ ಎತ್ತರದ ಮೂರರಲ್ಲಿ ಎರಡರಿಂದ ನಾಲ್ಕರಲ್ಲಿ ಮೂರು ಭಾಗದ ಆಸುಪಾಸಿನಲ್ಲಿ ಒಂದು ನಿಲುಗಡೆಯ ಜಾಗ ಉಂಟಾಗುತ್ತದೆ. ಅದಕ್ಕಿಂತ ಮೇಲಿನ ಗಾಳಿ ಮಾಳಿಗೆ ದಾಟುತ್ತದೆ, ಪಕ್ಕದ್ದು ಪಕ್ಕಕ್ಕೆ ಸರಿಯುತ್ತದೆ, ಕೆಳಗಿನದು ಗೋಡೆ ಹಿಡಿದು ನೆಲಕ್ಕೆ ಇಳಿಯುತ್ತದೆ. ನೆಲ ಮುಟ್ಟಿದ ಗಾಳಿ ಕಟ್ಟಡದ ಮುಂದೆ ಉರುಳೆಯಂತೆ ಸುತ್ತುತ್ತದೆ. ಹೀಗಾಗಿ ಕಟ್ಟಡದ ಮುಂದೆ ನಿಂತವರಿಗೆ ಗಾಳಿ ಕಟ್ಟಡದ ಕಡೆಯಿಂದಲೇ, ಅಂದರೆ ಮೇಲಿನ ಗಾಳಿಗೆ ತಿರುವುಮುರುವಾಗಿ ಬೀಸುತ್ತದೆ. ಮೋಡ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿರುವಾಗ ಪಶ್ಚಿಮದ ಗೋಡೆಯ ಮುಂದಿನ ಧೂಳು ಪಶ್ಚಿಮಕ್ಕೆ ಹಾರುತ್ತಿದ್ದರೆ, ಗಾಳಿ ಮೇಲಿನಿಂದ ಇಳಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಗಲವಾದ ಚಪ್ಪಟೆ ಕಟ್ಟಡ ಕಿರಿದಾದದ್ದಕ್ಕಿಂತ ಕೆಟ್ಟದ್ದು: ಪಕ್ಕಕ್ಕೆ ಸರಿಯುವ ದಾರಿ ದೂರವಾದಷ್ಟೂ ಹೆಚ್ಚು ಗಾಳಿ ಕೆಳಗಿಳಿಯುತ್ತದೆ. ಎದುರಿಗೆ ತುಸು ದೂರದಲ್ಲಿ ತಗ್ಗಿನ ಕಟ್ಟಡವೊಂದಿದ್ದರೆ ಉರುಳೆ ಎರಡರ ನಡುವೆ ಸಿಕ್ಕಿಬಿದ್ದು ಇನ್ನಷ್ಟು ಬಲವಾಗುತ್ತದೆ. ಗೋಪುರದ ಮುಂದಿನ ಚಂದದ ಚೌಕದಲ್ಲಿ ಬೆಂಚುಗಳು ಖಾಲಿಯಾಗಿರುವುದು ಈ ಕಾರಣಕ್ಕೇ.

ಆಮೇಲೆ ಮೂಲೆಗಳು. ಇಳಿದ ಗಾಳಿಯೆಲ್ಲ ಮುಂದಿನ ಎರಡು ಮೂಲೆಗಳನ್ನು ಸುತ್ತಿಕೊಂಡೇ ಹೊರಗೆ ಹೋಗಬೇಕು. ಎದುರು ಮೈಯಲ್ಲಿ ತಳ್ಳುವ ಒತ್ತಡ, ಪಕ್ಕದ ಮೈಯಲ್ಲಿ ಸೆಳೆಯುವ ಒತ್ತಡ. ನಡುವಿನ ಮೂಲೆಯಲ್ಲಿ ಓಟ. ಕಟ್ಟಡವಿಲ್ಲದ ಬಯಲಿಗೆ ಹೋಲಿಸಿದರೆ ಇಲ್ಲಿ ವೇಗ ಒಂದೂವರೆ, ಕೆಲವೊಮ್ಮೆ ಎರಡು ಪಟ್ಟಾಗುತ್ತದೆ. ನಕ್ಷೆಯಲ್ಲಿ ಎರಡೂ ಮೂಲೆಗಳಿಗೆ ಕಟ್ಟಡದ ಅಗಲದಷ್ಟು ತ್ರಿಜ್ಯದ ವೃತ್ತ ಎಳೆದು, ಅದರೊಳಗೆ ಬಾಗಿಲು, ಬಸ್ ನಿಲ್ದಾಣ, ರಸ್ತೆ ದಾಟುವ ಪಟ್ಟೆ, ಸೈಕಲ್ ದಾರಿ ಇದೆಯೇ ನೋಡಿ. ಮರೆಯಿಂದ ಮೂಲೆಗೆ ಬರುವಾಗ ಎರಡು ಮೂರು ಹೆಜ್ಜೆಯಲ್ಲೇ ಗಾಳಿ ಬದಲಾಗಿಬಿಡುತ್ತದೆ. ವಯಸ್ಸಾದವರನ್ನು ಬೀಳಿಸುವುದರಲ್ಲಿ ಆ ವೇಗಕ್ಕೆ ಎಷ್ಟು ಪಾಲಿದೆಯೋ ಈ ದಿಢೀರ್ ಬದಲಾವಣೆಗೂ ಅಷ್ಟೇ ಇದೆ.

ಮೂರನೆಯದು ಕಟ್ಟಡದ ಅಡಿಯಲ್ಲಿ ತೂರುವ ದಾರಿಗಳು: ಕಂಬಗಳ ಮೇಲೆ ನಿಂತ ಕಟ್ಟಡ, ಕಮಾನಿನ ಹಾದಿ, ಸ್ಟಿಲ್ಟ್ ಪಾರ್ಕಿಂಗ್. ಮುಂದಿನ ಮೈಯ ಒತ್ತಡಕ್ಕೂ ಹಿಂದಿನ ಮೈಯ ಸೆಳೆತಕ್ಕೂ ಇದು ನೇರ ಕೊಳವೆ. ಮಾಳಿಗೆಯ ಎತ್ತರದ ಗಾಳಿಯ ಒತ್ತಡವನ್ನು 1 ಎಂದು ಹಿಡಿದರೆ ಮುಂದೆ ಸುಮಾರು +0.7, ಹಿಂದೆ ಸುಮಾರು −0.4, ವ್ಯತ್ಯಾಸ 1.1. ಇದರ ವರ್ಗಮೂಲ 1.05. ಅಂದರೆ ಅಡ್ಡಿಯಿಲ್ಲದ ಹಾದಿಯಲ್ಲಿ, ನೆಲಮಟ್ಟದಲ್ಲಿ, ಮಾಳಿಗೆಯ ಮೇಲಿನ ಗಾಳಿಯಷ್ಟೇ ವೇಗ ಸಿಗಬಹುದು. ಅಮೆರಿಕದ ಎಂಐಟಿಯ ಗ್ರೀನ್ ಬಿಲ್ಡಿಂಗ್ ಇದಕ್ಕೆ ಹೆಸರಾದ ಪಾಠ. 1964ರಲ್ಲಿ ಮುಗಿದ, ಸುಮಾರು 90 ಮೀಟರ್ ಎತ್ತರದ ಈ ಚಪ್ಪಟೆ ಗೋಪುರದ ಬುಡ ತೆರೆದಿತ್ತು. ಗಾಳಿಯ ದಿನಗಳಲ್ಲಿ ಬಾಗಿಲು ತೆಗೆಯುವುದೇ ಕಷ್ಟವಾಗಿ, ಕೊನೆಗೆ ಸುತ್ತುವ ಬಾಗಿಲು ಕೂರಿಸಬೇಕಾಯಿತು.

ಬಾಗಿಲಿನ ವಿಷಯ ಬಂತು, ಅದನ್ನೇ ಹತ್ತಿರದಿಂದ ನೋಡೋಣ. ಬಾಗಿಲು 1 ಮೀಟರ್ ಅಗಲ, 2.1 ಮೀಟರ್ ಎತ್ತರ. ಹೊರಗೆ ಸೆಕೆಂಡಿಗೆ 10 ಮೀಟರ್ ಗಾಳಿ, ಒಳಗೂ ಹೊರಗೂ 60 ಪಾಸ್ಕಲ್ ವ್ಯತ್ಯಾಸ. ಬಾಗಿಲಿನ ಮೇಲಿನ ಬಲ 126 ನ್ಯೂಟನ್. ಬಲ ನಡುಮಧ್ಯದಲ್ಲಿ, ಹಿಡಿ ಅಂಚಿನಲ್ಲಿ ಇರುವುದರಿಂದ ಕೈಗೆ ಬೀಳುವುದು ಅರ್ಧ, 63 ನ್ಯೂಟನ್. ಆರು ಕಿಲೋ ಎತ್ತಿದಷ್ಟು. ಗಾಳಿ 14ಕ್ಕೆ ಏರಿದರೆ ಅದು ಹನ್ನೆರಡು ಕಿಲೋ ದಾಟುತ್ತದೆ, ಡೋರ್ ಕ್ಲೋಸರ್‌ನ ಬಿಗಿ ಬೇರೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಈ ಕಟ್ಟಡ ಅಂದು ಮುಚ್ಚಿದಂತೆಯೇ.

ಎರಡು ಕಟ್ಟಡಗಳ ನಡುವಿನ ಸಂದಿಯ ಬಗ್ಗೆ ಒಂದು ತಪ್ಪು ನಂಬಿಕೆ ಬೇರೂರಿದೆ. ಆಲಿಕೆಯಂತೆ ಕಿರಿದಾಗುತ್ತ ಹೋಗುವ ಸಂದಿಯಲ್ಲಿ ಗಾಳಿಯೆಲ್ಲ ಹಿಂಡಿಕೊಂಡು ವೇಗ ಏರುತ್ತದೆ ಎಂದು ಎಲ್ಲರೂ 'ವೆಂಚುರಿ' ಹೆಸರು ಹೇಳುತ್ತಾರೆ. ಕೊಳವೆಯಲ್ಲಿ ಇದು ನಿಜ, ಏಕೆಂದರೆ ನೀರಿಗೆ ಬೇರೆ ದಾರಿಯಿಲ್ಲ. ರಸ್ತೆಯ ಮೇಲ್ಭಾಗ ತೆರೆದಿದೆ. ತಡೆ ಕಂಡ ಗಾಳಿ ಮೇಲೆ ಹತ್ತಿಯೋ ಪಕ್ಕಕ್ಕೆ ಸರಿದೋ ಹೋಗುತ್ತದೆ. ಕಿರಿದಾಗುವ ಸಂದಿಗಿಂತ ಅಗಲವಾಗುವ ಸಂದಿಯಲ್ಲೇ ವೇಗ ಹೆಚ್ಚಾಗಬಹುದು ಎಂದು ವಿಂಡ್ ಟನಲ್ (ಸಣ್ಣ ಮಾದರಿಯ ಮೇಲೆ ಗಾಳಿ ಹರಿಸಿ ನೋಡುವ ಸುರಂಗ) ಮತ್ತು ಗಣಕದ ಅಧ್ಯಯನಗಳು ತೋರಿಸಿವೆ. ಸಂದಿ ಕಂಡಾಗ ಗುರುತು ಹಾಕಿ, ಸರಿ. ಆದರೆ ಅಲ್ಲಿನ ಗಾಳಿ ಎರಡೂ ಕಡೆಯ ಮೂಲೆಗಳಿಂದ ಹರಿದುಬಂದದ್ದು ಎಂದು ತಿಳಿದರೆ ಪರಿಹಾರವನ್ನು ಸರಿಯಾದ ಜಾಗದಲ್ಲಿ ಹುಡುಕುತ್ತೀರಿ.

ಸಾಲು ಕಟ್ಟಡಗಳ ರಸ್ತೆಗೆ ಗಾಳಿ ಅಡ್ಡವಾಗಿ ಬೀಸಿದಾಗ ಎತ್ತರವನ್ನು ರಸ್ತೆಯ ಅಗಲದಿಂದ ಭಾಗಿಸಿ ನೋಡಿ. ಸುಮಾರು 0.3ಕ್ಕಿಂತ ಕಡಿಮೆಯಿದ್ದರೆ ಪ್ರತಿ ಸಾಲಿನ ಹಿಂದೆ ಗಾಳಿ ಮತ್ತೆ ನೆಲಕ್ಕಿಳಿಯುತ್ತದೆ. 0.3ರಿಂದ 0.65ರೊಳಗೆ ಒಂದು ಸಾಲಿನ ಹಿಂದಿನ ಸುಳಿ ಮುಂದಿನ ಸಾಲಿಗೆ ತಾಕುತ್ತದೆ. ಅದಕ್ಕಿಂತ ಹೆಚ್ಚಾದರೆ ಗಾಳಿ ಮಾಳಿಗೆಗಳ ಮೇಲೆ ಜಾರಿಕೊಂಡು ಹೋಗಿ, ರಸ್ತೆಯಲ್ಲಿ ಒಂದು ಸಣ್ಣ ಸುಳಿಯಷ್ಟೇ ಉಳಿಯುತ್ತದೆ. 12 ಮೀಟರ್ ಕಟ್ಟಡ, 12 ಮೀಟರ್ ರಸ್ತೆ ಎಂದರೆ ಅನುಪಾತ 1: ಗಾಳಿ ಶಾಂತ, ಆದರೆ ವಾಹನದ ಹೊಗೆಯೂ ಅಲ್ಲೇ. ಅದೇ ಸಾಲಿನಲ್ಲಿ ಒಂದೇ ಒಂದು 60 ಮೀಟರಿನ ಗೋಪುರ ಎದ್ದರೆ ಆ ತುಂಡು ರಸ್ತೆಯ ಶಾಂತಿ ಹೋಯಿತು. ಒಟ್ಟಿನಲ್ಲಿ ಸುತ್ತಲಿನದಕ್ಕಿಂತ ಎರಡು ಪಟ್ಟು ಎತ್ತರವಾದ ಯಾವ ಕಟ್ಟಡವನ್ನೂ ಲೆಕ್ಕ ನೋಡದೆ ಬಿಡಬೇಡಿ.

ಬೀದಿಗಿಳಿದು ಅಳೆಯುವುದು

ಅಳತೆಗೆ ಮೊದಲು ಗಾಳಿಯ ದಿನ ಬರೀ ನಡೆದು ನೋಡಿ. ಎರಡು ಮೀಟರಿನ ಕೋಲಿಗೆ ಕಾಲು ಮೀಟರ್, ಒಂದೂವರೆ ಮೀಟರ್ ಮತ್ತು ತುದಿ ಎತ್ತರದಲ್ಲಿ ಹಗುರ ರಿಬ್ಬನ್ ಕಟ್ಟಿಕೊಳ್ಳಿ. ಮೂರೂ ಒಂದೇ ಕಡೆ ಹಾರಿದರೆ ನೇರ ಹರಿವು. ಕೆಳಗಿನದೂ ಮೇಲಿನದೂ ಬೇರೆ ಬೇರೆ ಕಡೆ ಹಾರಿದರೆ ಸುಳಿಯ ಒಳಗಿದ್ದೀರಿ. ಒಣ ಎಲೆ, ಕಾಗದ, ಧೂಳು ಎಲ್ಲಿ ಗುಡ್ಡೆಯಾಗಿವೆ ನೋಡಿ. ಗುಡ್ಡೆ ಇರುವ ಜಾಗ ಗಾಳಿಯ ಮರೆ. ಗುಡ್ಡೆಯ ಅಂಚು ಕತ್ತರಿಸಿದಂತೆ ನಿಂತಿದ್ದರೆ ಅಲ್ಲಿಂದಾಚೆಗೆ ಓಟ. ಗುಡಿಸಿದಷ್ಟು ಸ್ವಚ್ಛವಾಗಿರುವ ನೆಲ ಅನುಮಾನಕ್ಕೆ ಯೋಗ್ಯ. ಗಿಡಗಳು ಒಂದೇ ಕಡೆಗೆ ಬಾಗಿ ಬೆಳೆದಿರುವುದು, ಬಾಗಿಲಿಗೆ ಇಟ್ಟಿಗೆ ಒತ್ತರಿಸಿ ಇಟ್ಟಿರುವುದು, ಫಲಕಗಳಿಗೆ ಹೆಚ್ಚುವರಿ ತಂತಿ ಕಟ್ಟಿರುವುದು, ಇವೆಲ್ಲ ವರ್ಷಗಳ ದಾಖಲೆಗಳೇ.

ಉಪಕರಣವಿಲ್ಲದೆ ವೇಗ ಅಂದಾಜಿಸಲು ಬ್ಯೂಫೋರ್ಟ್ ಮಾಪಕ ಸಾಕು. ಎಲೆ, ಸಣ್ಣ ರೆಂಬೆ ಸದಾ ಅಲ್ಲಾಡುತ್ತಿದ್ದರೆ ಸೆಕೆಂಡಿಗೆ 3.4ರಿಂದ 5.4 ಮೀಟರ್. ಧೂಳು, ಕಾಗದ ಮೇಲೇಳುತ್ತಿದ್ದರೆ 5.5ರಿಂದ 7.9. ಛತ್ರಿ ಹಿಡಿಯುವುದು ಕಷ್ಟವಾದರೆ 10.8ರಿಂದ 13.8. ನಡೆಯುವುದೇ ಕಷ್ಟವಾದರೆ 17ರ ಮೇಲೆ. 15 ಮೀಟರಿನ ಗಾಳಿ ಎದುರಿಗೆ ನಿಂತ ವಯಸ್ಕರನ್ನು ಸುಮಾರು ಒಂಬತ್ತು ಕಿಲೋ ಬಲದಿಂದ ತಳ್ಳುತ್ತದೆ, 20 ಮೀಟರಿನದು ಹದಿನಾರು ಕಿಲೋದಷ್ಟು.

ಅನಿಮಾಮೀಟರ್ ಕೊಳ್ಳುವಾಗ ಬಟ್ಟಲುಗಳು ಸುತ್ತುವ ಬಗೆಯದ್ದೋ ಅಲ್ಟ್ರಾಸಾನಿಕ್ ಬಗೆಯದ್ದೋ ಆಗಿರಲಿ. ಫ್ಯಾನಿನಂತಹ ರೆಕ್ಕೆಯ ಬಗೆಯದನ್ನು ಗಾಳಿಗೆ ನೇರ ಹಿಡಿಯಬೇಕು. ಮೂಲೆಯಲ್ಲಿ ಗಾಳಿಯ ದಿಕ್ಕು ಕ್ಷಣಕ್ಷಣಕ್ಕೆ ತಿರುಗುವುದರಿಂದ ಅದು ಕಡಿಮೆ ತೋರಿಸುತ್ತದೆ. ಅಳೆಯುವ ಕ್ರಮ ಹೀಗೆ:

1. ಗುರುತಿಸಿದ ಜಾಗಗಳಿಗೆ ನಂಬರ್ ಹಾಕಿ. ಹೋಲಿಕೆಗೆ ಮರೆಯಲ್ಲಿರುವ ಒಂದೆರಡು ಜಾಗವೂ ಇರಲಿ.
2. ಉಪಕರಣವನ್ನು ನೆಲದಿಂದ 1.5 ಮೀಟರ್ ಎತ್ತರದಲ್ಲಿ, ಮೈಯಿಂದ ತೋಳುದ್ದ ದೂರದಲ್ಲಿ, ನೀವು ಗಾಳಿಗೆ ಪಕ್ಕಕ್ಕೆ ನಿಂತು ಹಿಡಿಯಿರಿ. ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು.
3. ಪ್ರತಿ ಜಾಗದಲ್ಲಿ 10 ನಿಮಿಷದ ಸರಾಸರಿ, ಆ ಹತ್ತು ನಿಮಿಷದಲ್ಲಿ ಬಂದ 3 ಸೆಕೆಂಡಿನ ಅತಿ ಜೋರಿನ ಹೊಡೆತ, ಎರಡನ್ನೂ ಬರೆದುಕೊಳ್ಳಿ.
4. ಅದೇ ಹತ್ತು ನಿಮಿಷಕ್ಕೆ ಒಂದು ಆಧಾರ ಸ್ಥಳದ ವೇಗ ಮತ್ತು ದಿಕ್ಕು ಬೇಕು. ಹತ್ತಿರದ ಹವಾಮಾನ ಕೇಂದ್ರ, ಇಲ್ಲವೇ ತೆರೆದ ಬಯಲಿನ ಕಂಬ. ಮಾಳಿಗೆಯ ಅಂಚಿನಲ್ಲಿ ಇಡಬೇಡಿ. ಅಲ್ಲಿ ಗಾಳಿ ಗೋಡೆಯಿಂದ ಹರಿದುಕೊಂಡು ಸುಳಿಯುತ್ತಿರುತ್ತದೆ.
5. ಜಾಗದ ವೇಗವನ್ನು ಆಧಾರದ ವೇಗದಿಂದ ಭಾಗಿಸಿ. ಈ ಅನುಪಾತವೇ ಆ ಜಾಗದ ಗುಣ.
6. ಆಧಾರದಲ್ಲಿ ವೇಗ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ಇರುವ ದಿನದ ಅಳತೆ ಬಿಟ್ಟುಬಿಡಿ. ಪ್ರತಿ ದಿಕ್ಕಿಗೂ ಬೇರೆ ಬೇರೆ ದಿನ ಕನಿಷ್ಠ ಮೂರು ಸಲ ಅಳೆಯಿರಿ.

ಹೆಚ್ಚಿನ ಅಳತೆಗಳು ಕೆಡುವುದು ನಾಲ್ಕನೆಯ ಹಂತದಲ್ಲಿ. ಬೆಳಗ್ಗೆ ಒಂದು ಮೂಲೆ, ಮಧ್ಯಾಹ್ನ ಇನ್ನೊಂದು ಮೂಲೆ ಅಳೆದು ಎರಡನ್ನೂ ಹೋಲಿಸಿದರೆ ನೀವು ಹೋಲಿಸಿದ್ದು ಹೊತ್ತನ್ನು, ಮೂಲೆಗಳನ್ನಲ್ಲ.

ಎಷ್ಟು ಗಾಳಿ ಹೆಚ್ಚು?

'ಈ ಜಾಗ ತುಂಬಾ ಗಾಳಿ' ಎಂಬ ಮಾತಿಗೆ ಅರ್ಥ ಬರುವುದು ವೇಗ, ಗಂಟೆಗಳು, ಬಳಕೆ ಮೂರನ್ನೂ ಸೇರಿಸಿದಾಗ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಲಾಸನ್ ಮಾನದಂಡದ ಒಂದು ರೂಪದಲ್ಲಿ, ವರ್ಷದ ಗಂಟೆಗಳ 5 ಶೇಕಡಾಕ್ಕಿಂತ ಹೆಚ್ಚು ಹೊತ್ತು ವೇಗವು ಮಿತಿ ಮೀರಬಾರದು: ಕೂರುವ ಜಾಗಕ್ಕೆ ಸೆಕೆಂಡಿಗೆ 4 ಮೀಟರ್, ನಿಲ್ಲುವ ಜಾಗಕ್ಕೆ 6, ಅಡ್ಡಾಡುವ ಜಾಗಕ್ಕೆ 8, ಬಿರಬಿರನೆ ನಡೆದುಹೋಗುವ ದಾರಿಗೆ 10. ಸುರಕ್ಷತೆಗೆ 15 ಮೀಟರಿನ ಮಿತಿ, ಅದನ್ನು ವರ್ಷಕ್ಕೆ ಸುಮಾರು ಎರಡು ಗಂಟೆ ಮಾತ್ರ ಮೀರಬಹುದು. ನೆದರ್‌ಲ್ಯಾಂಡ್ಸ್‌ನ 2006ರ ಎನ್‌ಇಎನ್ 8100 ಎಂಬ ಮಾನದಂಡ ಇನ್ನೊಂದು ದಾರಿ ಹಿಡಿಯುತ್ತದೆ: ವೇಗ ಒಂದೇ, 5 ಮೀಟರ್, ಎಷ್ಟು ಹೊತ್ತು ಮೀರುತ್ತದೆ ಎಂಬುದರ ಮೇಲೆ 2.5, 5, 10, 20 ಶೇಕಡಾದ ಗೆರೆಗಳಲ್ಲಿ ಎ-ಯಿಂದ ಇ-ವರೆಗೆ ದರ್ಜೆ. ಸ್ಯಾನ್ ಫ್ರಾನ್ಸಿಸ್ಕೊ 1985ರಿಂದಲೇ ನಗರದ ನಡುಭಾಗದಲ್ಲಿ ಇಂಥ ಮಿತಿಯನ್ನು ಕಾನೂನಾಗಿಸಿದೆ.

ಒಂದು ಮೂಲೆಗೆ ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗಷ್ಟೆ. ಪಶ್ಚಿಮದ ಗಾಳಿಗೆ ಅನುಪಾತ 0.9 ಬಂದಿದೆ, ದಕ್ಷಿಣಕ್ಕೆ 0.5, ಉಳಿದ ದಿಕ್ಕುಗಳಲ್ಲಿ ನಗಣ್ಯ. ನಿಲ್ಲುವ ಮಿತಿ 6. ಪಶ್ಚಿಮದಲ್ಲಿ ಆಧಾರದ ವೇಗ 6 ÷ 0.9 = 6.7 ದಾಟಿದ ಗಂಟೆಗಳನ್ನು ಪಟ್ಟಿಯಲ್ಲಿ ಎಣಿಸಿ: 310. ದಕ್ಷಿಣದಲ್ಲಿ 6 ÷ 0.5 = 12 ದಾಟಿದವು: 20. ಒಟ್ಟು 330. ವರ್ಷದ 8,760 ಗಂಟೆಯಲ್ಲಿ ಇದು 3.8 ಶೇಕಡಾ, ಬಸ್ಸಿಗೆ ಕಾಯಲು ಅಡ್ಡಿಯಿಲ್ಲ. ಅಲ್ಲೇ ಕಾಫಿ ಅಂಗಡಿಯ ಮೇಜು ಹಾಕಬೇಕೆಂದರೆ ಮಿತಿ 4, ಪಶ್ಚಿಮದಲ್ಲಿ 4.4 ದಾಟಿದ ಗಂಟೆಗಳೇ 700 ಎಂದಾದರೆ 8 ಶೇಕಡಾ, ಜಾಗ ಒಪ್ಪುವುದಿಲ್ಲ. ಬಳಕೆ ಬದಲಾದರೆ ತೀರ್ಪೂ ಬದಲಾಗುತ್ತದೆ.

ಹೊಡೆತಗಳನ್ನೂ ಬಿಡಬೇಡಿ. ಸುಳಿ ಹೆಚ್ಚಿರುವ ಜಾಗದಲ್ಲಿ ಸರಾಸರಿ ಕಡಿಮೆಯಿದ್ದರೂ ಹೊಡೆತ ಜೋರಾಗಿರುತ್ತದೆ. ಹೊಡೆತದ ವೇಗವನ್ನು 1.85ರಿಂದ ಭಾಗಿಸಿ, ಸರಾಸರಿಗೂ ಇದಕ್ಕೂ ಯಾವುದು ದೊಡ್ಡದೋ ಅದನ್ನು ಮಿತಿಗೆ ಹೋಲಿಸಿ. ಸರಾಸರಿ 5.5, ಹೊಡೆತ 13 ಎಂದರೆ 13 ÷ 1.85 = 7; ಹಿಡಿಯಬೇಕಾದ್ದು 7. ಒಬ್ಬರ ವರದಿಯ ಹೊಡೆತದ ಅಂಕಿಯನ್ನು ಇನ್ನೊಬ್ಬರ ಗಂಟೆಯ ಸರಾಸರಿಯ ಮಿತಿಗೆ ನೇರ ಹೋಲಿಸುವುದು ತಪ್ಪು.

ಇನ್ನೂ ಕಟ್ಟದ ಕಟ್ಟಡಕ್ಕೆ: ಮಾದರಿಯಿಂದ ಏನು ಕೇಳಬೇಕು

ಇಲ್ಲದ ಕಟ್ಟಡವನ್ನು ಅಳೆಯಲಾಗದು. ವಿಂಡ್ ಟನಲ್ ಇಲ್ಲವೇ ಸಿಎಫ್‌ಡಿ (ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಒಡೆದು ಗಾಳಿಯ ಹರಿವನ್ನು ಗಣಕದಲ್ಲಿ ಲೆಕ್ಕ ಹಾಕುವ ವಿಧಾನ) ಬೇಕು. ವರದಿ ಕೈಗೆ ಬಂದಾಗ ಬಣ್ಣದ ಚಿತ್ರ ನೋಡಿ ಒಪ್ಪಬೇಡಿ, ಈ ಅಂಕಿಗಳನ್ನು ಕೇಳಿ. ಸಿಎಫ್‌ಡಿಯಲ್ಲಿ ಎತ್ತರದ ಕಟ್ಟಡದ ಮುಂದೆ ಅದರ ಎತ್ತರದ 5 ಪಟ್ಟು, ಹಿಂದೆ 15 ಪಟ್ಟು, ಪಕ್ಕ ಮತ್ತು ಮೇಲೆ 5 ಪಟ್ಟು ಖಾಲಿ ಜಾಗ ಇದೆಯೇ? ಕಟ್ಟಡಗಳು ಹರಿವಿನ ಅಡ್ಡಕೊಯ್ತದ 3 ಶೇಕಡಾಕ್ಕಿಂತ ಹೆಚ್ಚು ಮುಚ್ಚಿವೆಯೇ? ಕಟ್ಟಡದ ಪ್ರತಿ ಬದಿಗೆ ಕನಿಷ್ಠ 10 ಕೋಶ ಇವೆಯೇ? ಪಾದಚಾರಿಯ ಎತ್ತರ ನೆಲದಿಂದ ಮೂರನೆಯ ಕೋಶಕ್ಕಾದರೂ ಬರುತ್ತದೆಯೇ? ಮೊದಲ ಕೋಶವೇ 2 ಮೀಟರ್ ದಪ್ಪವಾಗಿದ್ದರೆ 1.5 ಮೀಟರಿನ ಗಾಳಿಯ ಬಗ್ಗೆ ಆ ವರದಿಗೆ ಹೇಳಲು ಏನೂ ಇಲ್ಲ. ಎಷ್ಟು ದಿಕ್ಕು ಪರೀಕ್ಷಿಸಿದ್ದಾರೆ? 16 ಕನಿಷ್ಠ, 36 ಒಳ್ಳೆಯದು. ಬರೀ ನಾಲ್ಕು ದಿಕ್ಕು ನೋಡಿದರೆ ಮೂಲೆಯ ಅತಿ ಕೆಟ್ಟ ಕೋನ ತಪ್ಪಿಹೋಗುತ್ತದೆ. ಸರಾಸರಿ ಹರಿವನ್ನು ಮಾತ್ರ ಬಿಡಿಸುವ ಸಾಮಾನ್ಯ ಸಿಎಫ್‌ಡಿ ಜೋರು ಗಾಳಿಯ ಜಾಗಗಳನ್ನು ಚೆನ್ನಾಗಿಯೇ ಹೇಳುತ್ತದೆ, ಕಟ್ಟಡದ ಹಿಂದಿನ ಮರೆಯಲ್ಲಿ ಎಡವುತ್ತದೆ. ವಿಂಡ್ ಟನಲ್‌ನಲ್ಲಿ ಮಾದರಿ ಸಾಮಾನ್ಯವಾಗಿ 1:200ರಿಂದ 1:500ರ ಅಳತೆಯದ್ದು. ಸುತ್ತಲಿನ 300ರಿಂದ 500 ಮೀಟರ್ ಪ್ರದೇಶವನ್ನೂ ಮಾದರಿಯಲ್ಲಿ ಕಟ್ಟಿರಬೇಕು. ಈಗಿರುವ ಸ್ಥಿತಿ, ಹೊಸ ಕಟ್ಟಡ ಬಂದ ಸ್ಥಿತಿ, ಪರಿಹಾರ ಸೇರಿಸಿದ ಸ್ಥಿತಿ ಮೂರನ್ನೂ ಅದೇ ಬಿಂದುಗಳಲ್ಲಿ ಕೊಡಬೇಕು. ಮೊದಲನೆಯದಿಲ್ಲದೆ ಉಳಿದೆರಡಕ್ಕೆ ಅರ್ಥವಿಲ್ಲ.

ಪರಿಹಾರ: ಮೇಲಿನಿಂದ ಕೆಳಕ್ಕೆ

ಪರಿಹಾರಗಳನ್ನು ಗಾಳಿ ಇಳಿಯುವ ಕ್ರಮದಲ್ಲೇ ಯೋಚಿಸಿ. ಮೊದಲು ಆಕಾರ, ಆಮೇಲೆ ಸಜ್ಜಾ, ಕೊನೆಗೆ ನೆಲದ ಮೇಲಿನ ಗಿಡ-ಪರದೆ. ಹೆಚ್ಚಿನವರು ತಿರುಗಾಮುರುಗ ಮಾಡುತ್ತಾರೆ, ಏಕೆಂದರೆ ಕಟ್ಟಿದ ಮೇಲೆ ಉಳಿಯುವುದು ಕೊನೆಯದೊಂದೇ.

ಕಟ್ಟಡದ ಕಿರಿದಾದ ಮೈಯನ್ನು ಜೋರು ಗಾಳಿಯ ಕಡೆಗೆ ತಿರುಗಿಸುವುದು ಅತಿ ಅಗ್ಗದ ಪರಿಹಾರ. ನಕ್ಷೆಯಲ್ಲಿ ಆಯತವನ್ನು ತಿರುಗಿಸಿದರಾಯಿತು. ಆಮೇಲೆ ಪೋಡಿಯಂ: ಗೋಪುರವನ್ನು ತಗ್ಗಿನ, ಅಗಲವಾದ ಬುಡದ ಮೇಲೆ ರಸ್ತೆಯಿಂದ ಹಿಂದಕ್ಕೆ ಸರಿಸಿ ನಿಲ್ಲಿಸಿದರೆ ಇಳಿಯುವ ಗಾಳಿ ಪೋಡಿಯಂ ಮಾಳಿಗೆಯ ಮೇಲೆ ಬಿದ್ದು ಚೆದುರುತ್ತದೆ. ಎರಡು ಮೂರು ಮೀಟರ್ ಸರಿಸುವುದು ಸಾಲದು, ಗಾಳಿ ಅಂಚು ದಾಟಿ ಬೀಳುತ್ತದೆ. 6 ಮೀಟರಿನಿಂದ ಶುರುಮಾಡಿ, ಕೊನೆಯ ಅಂಕಿಯನ್ನು ಪರೀಕ್ಷೆ ಹೇಳಲಿ. ಇಲ್ಲಿ ಆಗುವ ಎಡವಟ್ಟೆಂದರೆ ಅದೇ ಪೋಡಿಯಂ ಮಾಳಿಗೆಯನ್ನು ಮಕ್ಕಳ ಆಟದ ಜಾಗ, ಈಜುಕೊಳ ಎಂದು ಮಾರುವುದು. ರಸ್ತೆಗೆ ಬೀಳಬೇಕಿದ್ದ ಗಾಳಿ ಈಗ ಅಲ್ಲಿ ಬೀಳುತ್ತಿದೆ. ಆಟದ ಜಾಗ ಬೇಕೇಬೇಕೆಂದರೆ ಗೋಪುರದ ಎದುರು ಮೈಯಿಂದ ದೂರ, ಎತ್ತರದ ಪ್ಯಾರಪೆಟ್‌ನ ಮರೆಯಲ್ಲಿ ಇಡಿ.

ಮೂಲೆಗಳನ್ನು ಓರೆಯಾಗಿ ಕತ್ತರಿಸಿದರೆ, ದುಂಡಗೆ ಮಾಡಿದರೆ, ಮೆಟ್ಟಿಲು ಮೆಟ್ಟಿಲಾಗಿಸಿದರೆ ಅಲ್ಲಿನ ಓಟ ತಗ್ಗುತ್ತದೆ. ಬಾಲ್ಕನಿಗಳು, ಚಾಚಿದ ಪಟ್ಟಿಗಳಿಂದ ಗೋಡೆ ಒರಟಾದರೆ ಇಳಿಯುವ ಗಾಳಿಗೆ ತುಸು ತಡೆ. ನುಣುಪು ಗಾಜಿನ ಗೋಡೆಗೆ ಆ ಗುಣವಿಲ್ಲ. ಮುಖ್ಯ ಬಾಗಿಲನ್ನು ಮೂಲೆಯಲ್ಲಿಡದೆ ಮೈಯ ನಡುಭಾಗದಲ್ಲಿ, ಒಳಕ್ಕೆ ಸರಿಸಿ ಇಡಿ. ಎರಡು ಬಾಗಿಲುಗಳ ನಡುವೆ ಒಂದು ತಡೆಕೋಣೆ ಇರಲಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಷ್ಟು ಉದ್ದ.

ಮೊದಲ ಮಹಡಿಯ ಮಟ್ಟದಲ್ಲಿ ಸಜ್ಜಾ ಹಾಕಿದರೆ ಅದರಡಿಯ ಕಾಲ್ದಾರಿಗೆ ರಕ್ಷಣೆ ಸಿಗುತ್ತದೆ. ಆದರೆ ಸಜ್ಜಾ ಗಾಳಿಯನ್ನು ನುಂಗುವುದಿಲ್ಲ, ದಾಟಿಸುತ್ತದೆ. ಬಾಗಿಲ ಮೇಲೆ ಮಾತ್ರ ಮೂರಡಿ ಸಜ್ಜಾ ಹಾಕಿದರೆ ಅದರ ಎರಡೂ ತುದಿಯಲ್ಲಿ ಗಾಳಿ ಬೀಳುತ್ತದೆ. ಮೈಯುದ್ದಕ್ಕೂ ಹಾಕಿ, ಮೂಲೆ ಸುತ್ತಿ ಪಕ್ಕದ ಮೈಗೂ ಮುಂದುವರಿಸಿ. ಮೇಲಿನಿಂದ ಒತ್ತಡ, ಕೆಳಗಿನಿಂದ ಎತ್ತುವ ಬಲ ಎರಡಕ್ಕೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿರಬೇಕು.

ಪರದೆಗಳು ಪೂರ್ತಿ ಮುಚ್ಚಿರಬಾರದು. ಗಟ್ಟಿ ಗೋಡೆಯನ್ನು ದಾಟಿದ ಗಾಳಿ ಅದರ ಹಿಂದೆಯೇ ಧುಮುಕಿ ಸುಳಿಯುತ್ತದೆ. 40ರಿಂದ 50 ಶೇಕಡಾ ತೂತಿರುವ ಪರದೆ ಗಾಳಿಯನ್ನು ಸೋಸಿ ನಿಧಾನಗೊಳಿಸುತ್ತದೆ. ಮರೆ ಚೆನ್ನಾಗಿರುವುದು ಎತ್ತರದ ಮೂರರಿಂದ ಐದು ಪಟ್ಟು ದೂರದೊಳಗೆ. 2 ಮೀಟರಿನ ಪರದೆಯಾದರೆ ಮೇಜುಗಳು 6ರಿಂದ 10 ಮೀಟರೊಳಗಿರಲಿ. ಸುಳಿ ಹೆಚ್ಚಿರುವ ಮೂಲೆಯಲ್ಲಿ ಇನ್ನೂ ಹತ್ತಿರ.

ಮರಗಳು ಒಳ್ಳೆಯವು, ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ಜೋರು ಗಾಳಿಯ ತಿಂಗಳಲ್ಲಿ ಎಲೆ ಉದುರಿಸುವ ಮರದಿಂದ ಉಪಯೋಗ ಕಡಿಮೆ. ಬರೀ ಮೇಲೆ ಕೊಡೆ, ಕೆಳಗೆ ಬೋಳು ಕಾಂಡ ಇರುವ ಮರ ಇಳಿಯುವ ಗಾಳಿಯನ್ನು ತಡೆದೀತು, ಅಡ್ಡ ಬೀಸುವುದನ್ನು ಕೆಳಗೆ ಬಿಟ್ಟುಕೊಡುತ್ತದೆ. ಬುಡದಲ್ಲಿ ಪೊದೆ ಸೇರಿಸಿ. ನೆಟ್ಟ ಗಿಡ ಚಿತ್ರದಲ್ಲಿ ತೋರಿಸಿದಷ್ಟು ಬೆಳೆಯಲು ವರ್ಷಗಳು ಬೇಕು, ಅತಿ ಗಾಳಿಯ ಮೂಲೆಯಲ್ಲಿ ಅದು ಬೆಳೆಯುವುದೇ ಅನುಮಾನ. ಕುಂಡದಲ್ಲಿಟ್ಟರೆ ತೂಕ ನೋಡಿ: 1.5 ಚದರ ಮೀಟರ್ ಹರವಿನ ಪೊದೆಗೆ ಸೆಕೆಂಡಿಗೆ 20 ಮೀಟರಿನ ಹೊಡೆತ ಬಿದ್ದರೆ ಬಲ ಸುಮಾರು 360 ನ್ಯೂಟನ್. ಅದು ನೆಲದಿಂದ 1.2 ಮೀಟರ್ ಎತ್ತರದಲ್ಲಿ ತಳ್ಳುತ್ತದೆ. ಕುಂಡದ ಅಗಲ 0.6 ಮೀಟರ್ ಆದರೆ ಉರುಳದಿರಲು ಮಣ್ಣು ಸೇರಿ ಹತ್ತಿರ ಹತ್ತಿರ 150 ಕಿಲೋ ಬೇಕು. ಅರ್ಧ ತೂಕದ ಚಂದದ ಫೈಬರ್ ಕುಂಡ ಆ ಮೂಲೆಯಲ್ಲಿ ತಾನೇ ಅಪಾಯ.

ಕೆಳಗಿನ ಉಪಾಯಗಳಿಗೆ ಒಂದು ಮಿತಿ ಇದೆ ಎಂಬುದನ್ನು ಇಂಗ್ಲೆಂಡಿನ ಲೀಡ್ಸ್ ನಗರ ಬಹಳ ದೊಡ್ಡ ಬೆಲೆ ತೆತ್ತು ಕಲಿತಿತು. ಅಲ್ಲಿನ 112 ಮೀಟರಿನ ಬ್ರಿಡ್ಜ್‌ವಾಟರ್ ಪ್ಲೇಸ್ ಗೋಪುರದ ಬುಡದಲ್ಲಿ 2011ರ ಮಾರ್ಚ್‌ನಲ್ಲಿ ಗಾಳಿಗೆ ಲಾರಿಯೊಂದು ಉರುಳಿ ಪಾದಚಾರಿಯೊಬ್ಬರು ತೀರಿಕೊಂಡರು. ಮುಂದೆ ರಸ್ತೆಯ ಮೇಲೆ ದೊಡ್ಡ ದೊಡ್ಡ ತಡೆಫಲಕಗಳನ್ನೇ ನಿಲ್ಲಿಸಬೇಕಾಯಿತು. ಸೆಕೆಂಡಿಗೆ 15 ಮೀಟರಿನ ಸುರಕ್ಷತೆಯ ಗೆರೆ ದಾಟುವ ಜಾಗಕ್ಕೆ ಗಿಡದ ಕುಂಡ ಸೂಚಿಸುವ ವರದಿಯನ್ನು ಹಿಂದಕ್ಕೆ ಕಳಿಸಿ. ಅಲ್ಲಿ ಆಕಾರವೇ ಬದಲಾಗಬೇಕು.

ಗಾಳಿಯೇ ಸಾಲದ ಊರುಗಳಲ್ಲಿ

ಸೆಕೆ ಹೆಚ್ಚಿರುವ ಕಡೆ ಲೆಕ್ಕ ತಿರುವುಮುರುವು. ಹಾಂಗ್‌ಕಾಂಗ್‌ನಲ್ಲಿ 2003ರ ಸಾರ್ಸ್ ಪಿಡುಗಿನ ನಂತರ ಗೋಡೆಯಂತೆ ನಿಂತ ಗೋಪುರಗಳ ನಡುವೆ ಗಾಳಿ ಆಡದಿರುವುದು ಗಂಭೀರ ಪ್ರಶ್ನೆಯಾಯಿತು. 2006ರಲ್ಲಿ ಗಾಳಿಯಾಟದ ಪರೀಕ್ಷೆ ಸರ್ಕಾರಿ ಯೋಜನೆಗಳೊಳಗೆ ಬಂತು. ಅಲ್ಲಿ ನೋಡುವುದೂ ಇದೇ ಅನುಪಾತವನ್ನು, ಆದರೆ ಅದು ಕಡಿಮೆಯಾಗಬಾರದು ಎಂದು. ಇಂಥ ಕಡೆ ಮುಖ್ಯ ರಸ್ತೆಗಳು ರೂಢಿಯ ಗಾಳಿಗೆ 30 ಡಿಗ್ರಿಯೊಳಗೆ ಓರೆಯಾಗಿರಲಿ, ಉದ್ದದ ಕಟ್ಟಡಗಳ ನಡುವೆ ತೆರಪುಗಳಿರಲಿ, ಪೋಡಿಯಂ ನಿವೇಶನವನ್ನೆಲ್ಲ ಮುಚ್ಚದಿರಲಿ. ಎತ್ತರಗಳು ಗಾಳಿಯ ದಿಕ್ಕಿನಲ್ಲಿ ಏರುತ್ತ ಹೋದರೆ ಪ್ರತಿಯೊಂದೂ ತನ್ನ ಪಾಲಿನ ಗಾಳಿಯನ್ನು ತುಸುವೇ ಇಳಿಸುತ್ತದೆ. ಬೇರೆಡೆ ಶಾಪವಾದ ಸ್ಟಿಲ್ಟ್ ತೆರಪು ಇಲ್ಲಿ ವರ. ಆದರೂ ಬಿರುಗಾಳಿಯ ದಿನಕ್ಕೆ ಸುರಕ್ಷತೆಯ ಮಿತಿ ಬೇರೆಯಾಗಿ ನೋಡಲೇಬೇಕು. ಸೆಕೆಗಾಲದ ಲೆಕ್ಕ ಅದನ್ನು ಮಾಫಿ ಮಾಡುವುದಿಲ್ಲ.

ಯಾವ ಪರಿಹಾರ ಹಾಕಿದರೂ ಮುಂದಿನ ಗಾಳಿಗಾಲದಲ್ಲಿ ಅವೇ ನಂಬರಿನ ಜಾಗಗಳಲ್ಲಿ, ಅದೇ ಎತ್ತರದಲ್ಲಿ, ಅದೇ ಆಧಾರದೊಂದಿಗೆ ಮತ್ತೆ ಅಳೆಯಿರಿ. ಪರದೆಯ ಹಿಂದಷ್ಟೇ ಅಳೆದು ನಿಲ್ಲಿಸಬೇಡಿ, ಅದರ ಎರಡೂ ತುದಿಗಳಲ್ಲಿ, ಎದುರಿನ ಕಾಲ್ದಾರಿಯಲ್ಲಿ, ಪಕ್ಕದ ನಿವೇಶನದ ಬಾಗಿಲಲ್ಲೂ ಅಳೆಯಿರಿ. ನಿಮ್ಮ ಬಾಗಿಲಿನ ಮುಂದೆ ಕಡಿಮೆಯಾದ ಗಾಳಿ ಅಲ್ಲಿಗೆ ಸರಿದಿರಬಹುದು.